ಭಾನುವಾರದ ಬಳೆಗಳು

"ಭದ್ರಾವತಿ ದಾಟಿತು. ಸ್ವಂತ ಊರಲ್ಲಿ ರೈಲು ನಿಂತ್ರೂ ಇಳೀದೆ ಕೂತಿರೋ ಗಂಡಸು ನಾನೊಬ್ಬನೇ ಇರಬೇಕು. ನಿನ್ನ ಮಾತು ಕೇಳ್ಕೊಂಡು."

ಆನಂದ ಕಳಿಸಿದ ಈ ಸಂದೇಶವನ್ನು ಸಂಧ್ಯಾ ಶಿವಮೊಗ್ಗ ರೈಲು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಎರಡು ಸಲ ಓದಿದಳು. ಕೊನೆಯಲ್ಲಿ ನಗುವ ಮುಖವೊಂದಿತ್ತು. ರೈಲು ಅಲ್ಲಿಂದ ಇಲ್ಲಿಗೆ ಬರಲು ಹೆಚ್ಚೆಂದರೆ ಇಪ್ಪತ್ತೈದು ನಿಮಿಷ. ಆರು ತಿಂಗಳಿಂದ ಹೇಳದೆ ಉಳಿದದ್ದನ್ನು ಹೇಳಲು ಬೇಕಾದ ಮೊದಲ ಮಾತನ್ನು ಅಷ್ಟರೊಳಗೆ ಹುಡುಕಿಕೊಳ್ಳಬೇಕಿತ್ತು.

ಹೇಳಬೇಕಾದದ್ದು ಉದ್ದದ್ದೇನಲ್ಲ. ಮಾವ ತೀರಿಕೊಂಡರು. ಆನಂದನ ಅಪ್ಪ ಜಟ್ಟಪ್ಪನವರು ಜುಲೈ ತಿಂಗಳ ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, ಎದೆ ಒತ್ತಿಕೊಂಡು, ಜಗುಲಿಯ ಮೇಲೆಯೇ ಒರಗಿದ್ದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಗ ಆನಂದ ದಕ್ಷಿಣ ಸುಡಾನಿನಲ್ಲಿದ್ದ. ವಿಶ್ವಸಂಸ್ಥೆಯ ಶಾಂತಿಪಡೆಗೆಂದು ಹೋದ ನಮ್ಮ ಸೇನೆಯ ತುಕಡಿಯಲ್ಲಿ ಅವನು ಹವಾಲ್ದಾರ. ಹೋಗಿ ಈ ಜನವರಿಗೆ ಹದಿಮೂರು ತಿಂಗಳು. ಜಟ್ಟಪ್ಪನವರ ಸಾವು ಕಾಗದನಗರದ ಹಿಂದಿನ ಬಡಾವಣೆಯಲ್ಲಿ ಹಾಲು ಹಾಕುವವನಿಗೆ ಗೊತ್ತು, ಸಿಲಿಂಡರ್ ತರುವವನಿಗೆ ಗೊತ್ತು, ರೇಷನ್ ಕಾರ್ಡಿಗೂ ಗೊತ್ತು. ಗೊತ್ತಿಲ್ಲದವನು ಅವರ ಹಿರಿಮಗನೊಬ್ಬನೇ.

ತೀರ್ಮಾನ ಅತ್ತೆ ದುರ್ಗಮ್ಮನವರದು. ದೇಹ ಇನ್ನೂ ಜಗುಲಿಯ ಮೇಲಿರುವಾಗಲೇ, ಅತ್ತು ಮುಗಿಸುವ ಮೊದಲೇ, "ಆನಂದಂಗೆ ಯಾರೂ ಫೋನ್ ಮಾಡಕೂಡದು" ಎಂದಿದ್ದರು. ಆ ವಾರವಿಡೀ ಟಿವಿಯಲ್ಲಿ ಆ ದೇಶದ ಗುಂಡಿನ ಗಲಾಟೆಯದೇ ಸುದ್ದಿ. "ಅವನು ಬರೋತನಕ ಇವರನ್ನ ಇಟ್ಕೊಳಕ್ಕಾಗಲ್ಲ. ಮುಖ ಅಂತೂ ಸಿಗಲ್ಲ ಅವನಿಗೆ. ಅಲ್ಲಿ ಕೈಯಲ್ಲಿ ಬಂದೂಕ ಇಟ್ಕೊಂಡು ಮನಸ್ಸನ್ನ ಇಲ್ಲಿಟ್ರೆ ಏನಾಗುತ್ತೆ? ಇವರನ್ನ ಕಳ್ಕೊಂಡಾಯ್ತು. ಅವನನ್ನ ನಾನು ಕಳ್ಕೊಳಲ್ಲ." ಜಟ್ಟಪ್ಪನವರ ಜೊತೆ ಮಿಲ್ಲಿನಲ್ಲಿ ದುಡಿದಿದ್ದ ಮಂಜಪ್ಪ, ಸೇನೆಯವರಿಗೆ ತಿಳಿಸಿದರೆ ಹೇಗಾದರೂ ರಜೆ ಕೊಟ್ಟು ಕಳಿಸುತ್ತಾರೆ ಎಂದು ಹೇಳಿ ನೋಡಿದರು. ದುರ್ಗಮ್ಮ ಆ ಕಡೆ ತಿರುಗಲಿಲ್ಲ. ಸಂಧ್ಯಾ ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಹೆದರಿಕೆ ಅವಳಿಗೂ ಇತ್ತು, ಅತ್ತೆ ಅದನ್ನು ಬಾಯಿಬಿಟ್ಟು ಹೇಳಿದರು ಅಷ್ಟೆ.

ಮೊದಲು ಹನ್ನೊಂದನೇ ದಿನ ಮುಗಿಯಲಿ ಎಂದರು. ಆಮೇಲೆ ಗಣಪತಿ ಹಬ್ಬ ಕಳೆಯಲಿ ಎಂದರು. ದೀಪಾವಳಿ ಬಂದು ಹೋಗುವಷ್ಟರಲ್ಲಿ ಸಾವಿನ ಸುದ್ದಿಗಿಂತ 'ಇಷ್ಟು ದಿನ ಯಾಕೆ ಹೇಳಲಿಲ್ಲ' ಎನ್ನುವ ಪ್ರಶ್ನೆಯೇ ದೊಡ್ಡದಾಗಿ ಬೆಳೆದುನಿಂತಿತ್ತು. ಆನಂದನ ಸ್ನೇಹಿತರನ್ನೆಲ್ಲ ಮೈದುನ ಶಶಿಧರ ಒಬ್ಬೊಬ್ಬರಾಗಿ ಹಿಡಿದು ಬಾಯಿಗೆ ಬೀಗ ಹಾಕಿಸಿದ್ದ. ಅಪ್ಪನಿಗೆ ಬೆಂಕಿ ಇಟ್ಟವನು ಅವನೇ. ಬೋಳಿಸಿದ ತಲೆ ಅಣ್ಣನ ಕಣ್ಣಿಗೆ ಬಿದ್ದಾಗ ತಿರುಪತಿಗೆ ಹೋಗಿದ್ದೆ ಎಂದು ಹೇಳಿ ತಪ್ಪಿಸಿಕೊಂಡಿದ್ದ.

ಭಾನುವಾರ ಬಂತೆಂದರೆ ಮನೆಯಲ್ಲಿ ಒಂದು ಸಿದ್ಧತೆ ನಡೆಯುತ್ತಿತ್ತು. ಆನಂದನ ಕ್ಯಾಂಪಿನ ಹೊತ್ತು ನಮಗಿಂತ ಮೂರೂವರೆ ಗಂಟೆ ಹಿಂದೆ. ಅವನು ತಿಂಡಿ ಮುಗಿಸಿ ವಿಡಿಯೊ ಕರೆ ಮಾಡುವಾಗ ಇಲ್ಲಿ ಮಧ್ಯಾಹ್ನ. ಅದಕ್ಕೆ ಅರ್ಧ ಗಂಟೆ ಮೊದಲು ಸಂಧ್ಯಾ ತನ್ನ ಹಸಿರು ಗಾಜಿನ ಬಳೆಗಳನ್ನೂ ಕುಂಕುಮದ ಭರಣಿಯನ್ನೂ ಅತ್ತೆಯ ಮುಂದೆ ತಂದಿಡುತ್ತಿದ್ದಳು. ಮೊದಲ ಸಲ ದುರ್ಗಮ್ಮ ಇಟ್ಟುಕೊಂಡ ಕುಂಕುಮ ಮೂಗಿನ ಮೇಲೆಲ್ಲ ಉದುರಿತ್ತು. "ಪಾಪ ಬಂದ್ರೆ ನಂಗೇ ಬರ್ಲಿ" ಎಂದು ಒರೆಸಿಕೊಂಡು ಮತ್ತೆ ಇಟ್ಟುಕೊಂಡಿದ್ದರು. ತಾಳಿ ಇಲ್ಲದ ಕೊರಳು ಕಾಣದಂತೆ ಸೆರಗು ಹೊದ್ದುಕೊಳ್ಳುತ್ತಿದ್ದರು. ಫೋನನ್ನು ಅಡುಗೆಮನೆಯ ಅಕ್ಕಿ ಡಬ್ಬಕ್ಕೆ ಒರಗಿಸಬೇಕು. ನಡುಮನೆಯ ಗೋಡೆಯ ಮೇಲೆ ಜಟ್ಟಪ್ಪನವರ ಹಾರ ಹಾಕಿದ ಫೋಟೊ ಇತ್ತು.

"ಅಪ್ಪ ಎಲ್ಲಿ?" ಎಂದು ಆನಂದ ಕೇಳುವನು. ಮಂಜಪ್ಪನ ಮನೆಗೆ ಹೋಗಿದ್ದಾರೆ, ಹೊಳೆಹೊನ್ನೂರಿಗೆ ಮದುವೆಗೆ ಹೋಗಿದ್ದಾರೆ, ಸ್ನಾನಕ್ಕೆ ಹೋಗಿದ್ದಾರೆ. ಇದ್ದಾಗಲೂ ಜಟ್ಟಪ್ಪನವರು ಫೋನ್ ಮುಟ್ಟಿದವರಲ್ಲ. ದೂರದಿಂದಲೇ "ಚೆನ್ನಾಗಿದೀನಿ ಅಂತ ಹೇಳು" ಎಂದು ಕೂಗಿ ಮುಗಿಸುತ್ತಿದ್ದರು. ಹಾಗಾಗಿ ಸುಳ್ಳು ನಡೆಯಿತು. ಎರಡನೇ ಕ್ಲಾಸಿನ ಮಗಳು ಅಮೂಲ್ಯಾ ಮನೆಯವರೆಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದಳು. "ತಾತ ವಾಕಿಂಗ್ ಹೋಗಿದಾರೆ ಪಪ್ಪಾ" ಎಂದು ಅವಳು ಕಣ್ಣು ಮಿಟುಕಿಸದೆ ಹೇಳುವುದನ್ನು ಕೇಳುವಾಗ ಸಂಧ್ಯಾಳಿಗೆ ಭಯವಾಗುತ್ತಿತ್ತು.

ಕರೆ ಮುಗಿದ ಮೇಲೆ ದುರ್ಗಮ್ಮ ಬಳೆಗಳನ್ನು ಒಂದೊಂದಾಗಿ ತೆಗೆದು ಸೊಸೆಯ ಕೈಗೆ ಕೊಡುತ್ತಿದ್ದರು. ಬರಬರುತ್ತ ಅದೂ ನಿಧಾನವಾಯಿತು. ಬೆಳಿಗ್ಗೆ ಹತ್ತಕ್ಕೇ ತೊಟ್ಟುಕೊಂಡು ಕೂರುವರು. ಕರೆ ಮುಗಿದು ಗಂಟೆಯಾದರೂ ಬಳೆ ಕೈಯಲ್ಲೇ ಇರುವುದು. ಭಾನುವಾರದ ಆ ಹೊತ್ತಿನಲ್ಲಿ ಆ ಮನೆಯ ಯಜಮಾನರು ಸತ್ತಿರಲಿಲ್ಲ, ವಾಕಿಂಗ್ ಹೋಗಿರುತ್ತಿದ್ದರು. ಸಂಧ್ಯಾಳಿಗೆ ಅದು ಅರ್ಥವಾಗಿತ್ತು. ಬಳೆ ಕೊಡಿ ಎಂದು ಅವಳು ಒಮ್ಮೆಯೂ ಕೇಳಲಿಲ್ಲ.

ಆದರೆ ಅವಳ ಎದೆಯ ಮೇಲೆ ಕೂತದ್ದು ಬಳೆಯಲ್ಲ, ಸೆಪ್ಟೆಂಬರಿನ ಒಂದು ಭಾನುವಾರ. ಅವತ್ತು ಆನಂದ ಹಟ ಹಿಡಿದ. "ಅಪ್ಪನ ಮುಖ ನೋಡಿ ಎರಡು ತಿಂಗಳಾಯ್ತು. ಮಲಗಿದ್ರೂ ಪರವಾಗಿಲ್ಲ, ಒಂದ್ಸಲ ತೋರಿಸು." ಕರೆ ಕಟ್ ಮಾಡಿ, ಸಿಗ್ನಲ್ ಹೋಯಿತೆಂದು ಹೇಳಿ ಐದು ನಿಮಿಷ ದೊರಕಿಸಿಕೊಂಡರು. ಶಶಿಧರ ಅಪ್ಪನ ಮಂಚದ ಮೇಲೆ ಗೋಡೆಗೆ ಮುಖ ಮಾಡಿ, ಅಪ್ಪನ ಕಂಬಳಿಯನ್ನು ತಲೆತನಕ ಹೊದ್ದು ಮಲಗಿದ. ಸಂಧ್ಯಾ ಬಾಗಿಲಲ್ಲಿ ನಿಂತು ಫೋನ್ ಹಿಡಿದಳು. ಆನಂದ ಸುಮ್ಮನೆ ನೋಡಿದ. ಆಮೇಲೆ ಪಿಸುಮಾತಿನಲ್ಲಿ, "ಎಬ್ಬಿಸಬೇಡ. ಕಾಲು ಹೊರಗೆ ಬಂದಿದೆ ನೋಡು, ಮುಚ್ಚು," ಎಂದ. ಸಂಧ್ಯಾ ಒಂದು ಕೈಯಲ್ಲಿ ಫೋನ್ ಹಿಡಿದೇ ಇನ್ನೊಂದು ಕೈಯಿಂದ ಮೈದುನನ ಕಾಲಿನ ಮೇಲೆ ಕಂಬಳಿ ಎಳೆದಳು.

ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ಅತ್ತೆಗೂ ಅವಳಿಗೂ ಮಾತಾಗಿತ್ತು. ದುರ್ಗಮ್ಮ ಆಗಲೇ ಕೋಳಿಸಾರಿಗೆ ಖಾರ ರುಬ್ಬಿ, ಕಡುಬಿಗೆ ಹಿಟ್ಟು ತೊಳಸಿ ಇಟ್ಟಿದ್ದರು. ಕೈಯಲ್ಲಿ ಹಸಿರು ಬಳೆ, ಹಣೆಯಲ್ಲಿ ಕುಂಕುಮ. ಇವತ್ತು ಭಾನುವಾರವಾಗಿರಲಿಲ್ಲ.

"ಅವನು ಬಂದು ಹೊಟ್ಟೆ ತುಂಬ ಉಣ್ಲಿ. ಕೈ ತೊಳ್ದ ಮೇಲೆ ನಾನೇ ಹೇಳ್ತೀನಿ," ಎಂದರು.

"ಅತ್ತೆ, ಬಾಗ್ಲಲ್ಲಿ ನಿಮ್ಮನ್ನ ಹಿಂಗೆ ನೋಡಿ ಒಳಗೆ ಬಂದು, ಊಟ ಮಾಡಿ, ಆಮೇಲೆ ಗೊತ್ತಾದ್ರೆ ಅವರಿಗೆ ಹೆಂಗಾಗ್ಬೇಕು? ನಾನು ದಾರೀಲೇ ಹೇಳ್ತೀನಿ."

"ದಾರೀಲಿ ಹೇಳಿದ್ರೆ ಸಾವು ಕೇಳಿದೋನು ಉಟ್ಟ ಬಟ್ಟೇಲೇ ಮುಳುಗಿ ಬರ್ಬೇಕು. ಅವರ ತಂಗಿ ತೀರ್ಕೊಂಡ ಸುದ್ದಿ ಮಿಲ್ ಗೇಟಲ್ಲಿ ಕೇಳಿ ನಿಮ್ಮ ಮಾವ ಅಲ್ಲೇ ನಲ್ಲಿ ಕೆಳಗೆ ಕೂತು ಬಂದಿದ್ರು. ಬಾಗ್ಲಲ್ಲಿ ನೀರು ಸುರಿಸ್ಕೊಂಡು ನಿಂತಿದ್ದು ನೋಡೇ ನಂಗೆ ಗೊತ್ತಾಗಿತ್ತು, ಬಾಯಿ ಬಿಡೋ ಮುಂಚೆ. ವರ್ಷದ ಮೇಲೆ ಮನೆಗೆ ಬರೋ ಮಗ ಒದ್ದೆ ಬಟ್ಟೇಲಿ ಹೊಸಿಲು ದಾಟೋದು ಬೇಡ. ಒಂದೂಟ ಕಣೆ. ಒಂದೇ ಒಂದೂಟ."

ಸಂಧ್ಯಾ ಗೂಡಿನಿಂದ ಕಾರಿನ ಕೀ ತೆಗೆದುಕೊಂಡು ಹೊರಟಿದ್ದಳು. ಶಿವಮೊಗ್ಗಕ್ಕೇ ಬಂದು ಇಳಿಯಿರಿ, ಅಲ್ಲಿ ಸ್ವಲ್ಪ ಕೆಲಸವಿದೆ, ಒಟ್ಟಿಗೆ ಹೋಗೋಣ ಎಂದು ಗಂಡನಿಗೆ ಮೊದಲೇ ಹೇಳಿದ್ದಳು. ಕೆಲಸವೇನೂ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಹದಿನೆಂಟು ಕಿಲೋಮೀಟರ್ ದಾರಿ, ಅದರಲ್ಲಿ ಅವರಿಬ್ಬರೇ.

ರೈಲು ಬಂತು. ಆನಂದ ಕಪ್ಪು ಟ್ರಂಕನ್ನೂ ದೊಡ್ಡ ಬೆನ್ನುಚೀಲವನ್ನೂ ಇಳಿಸಿ, ಜನರ ನಡುವೆ ಅವಳನ್ನು ಹುಡುಕಿ, ಎರಡು ಹೆಜ್ಜೆ ದೂರದಲ್ಲಿ ನಿಂತು ನಕ್ಕ. ಬಿಸಿಲಿಗೆ ಇನ್ನೂ ಕಪ್ಪಾಗಿದ್ದ, ಕೆನ್ನೆ ಒಳಗೆ ಹೋಗಿತ್ತು. ಪ್ಲಾಟ್‌ಫಾರ್ಮಿನಲ್ಲಿ ಹೆಂಡತಿಯ ಕೈ ಹಿಡಿಯುವ ಪೈಕಿಯವನಲ್ಲ. ಅವಳ ಹೆಗಲಿನ ಬ್ಯಾಗು ಇಸಿದುಕೊಂಡ, ಅದೇ ಅವನ ಪ್ರೀತಿ. ಇನ್ನೊಂದು ಕೈಯಲ್ಲಿ ಮಡಚದಂತೆ ಜೋಪಾನವಾಗಿ ಶಾಂತಿಪಡೆಯ ನೀಲಿ ಟೋಪಿಯೊಂದನ್ನು ಹಿಡಿದಿದ್ದ.

"ಯಜಮಾನರ ಆರ್ಡರ್," ಎಂದು ಅದನ್ನು ಎತ್ತಿ ತೋರಿಸಿದ. "ಮಂಜಪ್ಪನ ಎದುರಿಗೆ ಹಾಕ್ಕೊಂಡು ಕೂರ್ಬೇಕಂತೆ. ಹೋಗೋ ದಿನ ಅಪ್ಪ ಅದೊಂದೇ ಕೇಳಿದ್ದು. ರೈಲಲ್ಲಿ ಮುದುರಿ ಹೋಗುತ್ತೆ ಅಂತ ರಾತ್ರಿಯೆಲ್ಲಾ ತೊಡೆ ಮೇಲೇ ಇಟ್ಕೊಂಡಿದ್ದೆ."

ಸಂಧ್ಯಾ, "ಬನ್ನಿ," ಎಂದಳು.

ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದ ಬಿಳಿ ಮಾರುತಿಯನ್ನು ಕಂಡದ್ದೇ ಆನಂದನ ಮುಖ ಅರಳಿತು. ಅದು ಜಟ್ಟಪ್ಪನವರು ನಿವೃತ್ತಿಯಾದ ವರ್ಷ ಯಾರಿಂದಲೋ ಕೊಂಡ ಹಳೇ ಗಾಡಿ. ಮಕ್ಕಳಿಬ್ಬರಿಗೂ ಸ್ಟೇರಿಂಗ್ ಮುಟ್ಟಲು ಬಿಟ್ಟವರಲ್ಲ. ಆನಂದ ಟ್ರಂಕನ್ನು ಅಲ್ಲೇ ಇಳಿಸಿ ಬಗ್ಗಿ ಕಿಟಕಿಯಲ್ಲಿ ಇಣುಕಿದ, ಆಮೇಲೆ ಸುತ್ತ ಮುತ್ತ ನೋಡಿದ.

"ಅಪ್ಪಾನೂ ಬಂದಿದಾರಾ? ಎಲ್ಲಿ, ಕಾಫಿಗೆ ಹೋದ್ರಾ?"

"ಇಲ್ಲ. ನಾನೇ ತಂದೆ." ಅವಳು ಕೀ ತೋರಿಸಿದಳು. "ಮನೋಹರ ಡ್ರೈವಿಂಗ್ ಸ್ಕೂಲಲ್ಲಿ ಕಲಿತೆ. ಲೈಸೆನ್ಸೂ ಆಯ್ತು."

ಆನಂದ ಅವಳನ್ನೂ ಕೀಯನ್ನೂ ನೋಡಿ ಗಟ್ಟಿಯಾಗಿ ನಕ್ಕುಬಿಟ್ಟ. ಆಟೋದವರು ತಿರುಗಿ ನೋಡಿದರು. "ಅಪ್ಪ ಕೀ ಕೊಟ್ರಾ ನಿಂಗೆ? ಏನು ಮಾಟ ಮಾಡಿದ್ಯೆ ಮಾರಾಯ್ತಿ? ನಾನು ಸೇನೇಲಿ ದೊಡ್ಡ ದೊಡ್ಡ ಲಾರಿ ಓಡ್ಸಿ ಬಂದೋನು, ನಂಗೆ ಒರೆಸೋಕೆ ಬಟ್ಟೆ ಕೊಡ್ತಿದ್ರು, ಕೀ ಕೊಡ್ತಿರ್ಲಿಲ್ಲ."

ಇಲ್ಲೇ ಹೇಳಿಬಿಡಬಹುದಿತ್ತು. ಕೀ ತಾನೇ ಬಾಯಿಬಿಟ್ಟು ಹೇಳುವಂತಿತ್ತು. ಆದರೆ ಅವನು ಅಷ್ಟು ಮನಸಾರೆ ನಗುವುದನ್ನು ಅವಳು ಹದಿಮೂರು ತಿಂಗಳಿಂದ ನೋಡಿರಲಿಲ್ಲ. ತುಂಗೆಯ ಸೇತುವೆ ದಾಟಲಿ ಎಂದುಕೊಂಡಳು.

ಸೇತುವೆ ದಾಟಿತು. ವಿದ್ಯಾನಗರದಲ್ಲಿ ಗಾಡಿ ಬಹಳ ಇತ್ತು, ಇಲ್ಲಿ ಬೇಡ ಎಂದುಕೊಂಡಳು. ಆನಂದ ಕಿಟಕಿ ಇಳಿಸಿ ಕಂಡ ಕಂಡದ್ದನ್ನೆಲ್ಲ ಓದುತ್ತಿದ್ದ: ಹೋಟೆಲಿನ ಹೆಸರು, ಟಯರ್ ಅಂಗಡಿ, ಕಲ್ಯಾಣಮಂಟಪ. ಕನ್ನಡದ ಬೋರ್ಡುಗಳನ್ನು ಓದುವುದೇ ಅವನಿಗೊಂದು ಹಬ್ಬವಾಗಿತ್ತು. "ಒಂದು ಮಸಾಲೆ ದೋಸೆ ತಿನ್ನೋಣ್ವಾ? ಬೇಡ ಬಿಡು. ಅಪ್ಪನ ಪಕ್ಕ ಕೂತೇ ಉಣ್ತೀನಿ. ಅಮ್ಮ ಕಡುಬು ಮಾಡಿರ್ತಾಳೆ." ನಿದಿಗೆ ಊರು ಬಂತು. ಇನ್ನು ಮಾಚೇನಹಳ್ಳಿಯ ಹತ್ತಿರ ನಿಲ್ಲಿಸಿ ಹೇಳುತ್ತೇನೆ ಎಂದು ಸಂಧ್ಯಾ ಮನಸ್ಸಿನಲ್ಲೇ ಗೆರೆ ಎಳೆದಳು. ಅಷ್ಟರಲ್ಲಿ ಪಕ್ಕದಲ್ಲಿ ಲಾರಿಯೊಂದರ ಟಯರ್ ಢಮ್ಮೆಂದು ಒಡೆಯಿತು. ಆನಂದ ಸೀಟಿನಿಂದ ಜಾರಿದ್ದ, ತಲೆ ಡ್ಯಾಶ್‌ಬೋರ್ಡಿನ ಕೆಳಗೆ ಹೋಗಿತ್ತು, ಒಂದು ಕೈ ಅವಳ ಕತ್ತಿನ ಮೇಲೆ ಬಿದ್ದು ಅವಳನ್ನೂ ಬಗ್ಗಿಸುತ್ತಿತ್ತು. ಅವಳು ಹೇಗೋ ಗಾಡಿಯನ್ನು ದಾರಿಯಲ್ಲೇ ಹಿಡಿದಳು.

"ಟಯರ್ ರೀ. ಟಯರ್ ಅದು."

ಅವನು ನಿಧಾನಕ್ಕೆ ಎದ್ದು ಕೂತ. ಬಿದ್ದಿದ್ದ ನೀಲಿ ಟೋಪಿಯನ್ನು ಎತ್ತಿ ಧೂಳು ಕೊಡವಿದ. ರಸ್ತೆ ನೋಡುತ್ತಲೇ ಹೇಳಿದ.

"ನಿಮಗ್ಯಾರಿಗೂ ಹೇಳಿರ್ಲಿಲ್ಲ. ಜುಲೈಲಿ ಒಂದು ವಾರ ಕೆಟ್ಟದಾಗಿತ್ತು. ಕ್ಯಾಂಪಿನ ಗೋಡೆ ಆ ಕಡೇನೇ ಹೊಡೆದಾಟ. ಎರಡು ದಿನ ಬಂಕರಿಂದ ಹೊರಗೆ ಬಂದಿಲ್ಲ ನಾವು. ಅವತ್ತೆಲ್ಲಾ ಅಪ್ಪನೇ ನೆನಪಾಗ್ತಿದ್ರು. ಇಲ್ಲಿ ಕಾಫಿ ಕುಡೀತಾ ಕೂತಿರ್ತಾರೆ, ಅವರಿಗೇನೂ ಗೊತ್ತಿಲ್ಲ, ಅಷ್ಟೇ ಸಾಕು ಅಂತ ಸಮಾಧಾನ ಮಾಡ್ಕೊಂಡಿದ್ದೆ."

ಜುಲೈಯ ಯಾವ ವಾರ ಎಂದು ಸಂಧ್ಯಾ ಕೇಳಲಿಲ್ಲ. ಅತ್ತೆ ಹೆದರಿದ್ದು ಸುಳ್ಳಾಗಿರಲಿಲ್ಲ. ಮಾಚೇನಹಳ್ಳಿ ಹಿಂದೆ ಸರಿಯಿತು.

ಆಗ ಅವಳ ಫೋನ್ ಹೊಡೆದುಕೊಂಡಿತು. ಪರದೆಯ ಮೇಲೆ 'ಅತ್ತೆ' ಎಂದಿತ್ತು. ಅವಳು ಕೈ ಚಾಚುವ ಮೊದಲೇ ಆನಂದ ಎತ್ತಿ ಸ್ಪೀಕರ್ ಹಾಕಿದ.

"ಅಮ್ಮ, ಬಂದ್ಬಿಟ್ಟೆ. ಇನ್ನೊಂದು ಹತ್ತು ನಿಮಿಷ."

"ಬಾ ಮಗಾ, ಬಾ. ಎಲ್ಲಿದೀಯ? ಊಟ ಬಿಸಿ ಇದೆ." ದುರ್ಗಮ್ಮನ ದನಿ ನಡುಗುತ್ತಿತ್ತು. ಆನಂದ ಅದನ್ನು ಸಂತೋಷವೆಂದು ತಿಳಿದು ನಕ್ಕ.

"ಅಪ್ಪನಿಗೆ ಕೊಡು. ಇವತ್ತಾದ್ರೂ ಫೋನ್ ಹಿಡೀಲಿ. ಅವರ ಟೋಪಿ ತಂದಿದೀನಿ ಅಂತ ಹೇಳ್ಬೇಕು."

ಆ ಕಡೆ ಒಂದು ಕ್ಷಣ ಬಳೆಯ ಸದ್ದು ಮಾತ್ರ ಕೇಳಿಸಿತು. "ಅವರು ಸ್ನಾನಕ್ಕೆ ಹೋಗಿದಾರೆ ಕಣೋ. ನೀನು ಬರೋ ಹೊತ್ತಿಗೆ ಬರ್ತಾರೆ."

"ಸರಿ ಸರಿ. ನೀಟಾಗಿ ರೆಡಿ ಆಗ್ಲಿ," ಎಂದು ಆನಂದ ಫೋನ್ ಇಟ್ಟ.

ಸಂಧ್ಯಾ ಹೆದ್ದಾರಿಯಿಂದ ಗಾಡಿ ಇಳಿಸಿದಳು. ಮುಂದೆ ಹೊಳೆಯ ಕಡೆ ಹೋಗುವ ಮಣ್ಣುದಾರಿ. ಬಟ್ಟೆ ಒಗೆಯುವವರು ಹೋಗಿ ಹೋಗಿ ಆದ ದಾರಿ ಅದು. ಎರಡು ಹೊಂಗೆಮರಗಳ ನೆರಳಿನಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದಳು. ಎಳೆದ ಮೇಲೂ ಅದನ್ನು ಬಿಡದೆ ಹಿಡಿದುಕೊಂಡೇ ಕೂತಳು.

"ಯಾಕೆ, ಇಲ್ಲೇನು?"

"ಮಾವ ಸ್ನಾನಕ್ಕೆ ಹೋಗಿಲ್ಲ," ಎಂದಳು. "ಮಾವ ಇಲ್ಲ ರೀ. ಜುಲೈ ಹದಿನೇಳಕ್ಕೆ ತೀರ್ಕೊಂಡ್ರು. ಹಾರ್ಟ್ ಅಟ್ಯಾಕು. ಆಸ್ಪತ್ರೆಗೆ ಒಯ್ಯೋದ್ರೊಳಗೆ ಆಗ್ಹೋಗಿತ್ತು. ನಿಮಗೆ ಹೇಳ್ಬಾರ್ದು ಅಂತ ಅಂದ್ಕೊಂಡ್ವಿ. ಎಲ್ಲಾರೂ."

ಆನಂದ ಅವಳ ಮುಖವನ್ನೇ ನೋಡಿದ. ಏನೋ ತಮಾಷೆಯ ಕೊನೆಗೆ ಕಾದವನಂತೆ ತುಟಿಯಲ್ಲಿ ನಗು ಸ್ವಲ್ಪ ಹೊತ್ತು ಉಳಿದಿತ್ತು. ಆಮೇಲೆ ಬಾಗಿಲು ತೆಗೆದು ಇಳಿದು, ಕಾರನ್ನು ಒಂದು ಸುತ್ತು ಹಾಕಿ ಬಂದು ಅವಳ ಕಿಟಕಿಯ ಎದುರು ನಿಂತ.

"ಬೆಂಕಿ ಯಾರು ಇಟ್ಟಿದ್ದು?"

"ಶಶಿ."

"ತಿರುಪತಿ ಅಂದಿದ್ದ."

"ಹೂಂ."

ಅವನು ತನ್ನ ತಲೆಯನ್ನು ಒಮ್ಮೆ ಸವರಿಕೊಂಡ. ಮಾತಾಡುವಾಗ ದನಿ ಏರಲಿಲ್ಲ. ಏರಿದ್ದರೆ ಸಂಧ್ಯಾಳಿಗೆ ಎಷ್ಟೋ ಸಲೀಸಾಗುತ್ತಿತ್ತು. "ಅಮ್ಮನ ಹಣೇಲಿ ಕುಂಕುಮ ಇತ್ತು. ಪ್ರತಿ ವಾರ ನೋಡಿದೀನಿ ನಾನು."

"ನಾನೇ ಭರಣಿ ಕೊಡ್ತಿದ್ದೆ. ಬಳೆ ನಂದು."

ಆನಂದ ಹೊಳೆಯ ಕಡೆ ನೋಡಿದ. ಅವನ ಮನಸ್ಸು ಒಂದೊಂದೇ ಭಾನುವಾರವನ್ನು ತಿರುವಿ ಹಾಕುತ್ತಿದೆ ಎಂದು ಅವಳಿಗೆ ಕಾಣುತ್ತಿತ್ತು. ಎಲ್ಲಿಗೆ ಬಂದು ನಿಲ್ಲುತ್ತಾನೆಂದೂ ಗೊತ್ತಿತ್ತು. ನಿಂತ.

"ಅವತ್ತು ಮಂಚದ ಮೇಲೆ ಮಲಗಿದ್ರಲ್ಲ."

ಶಶಿಧರನ ಮೇಲೆ ಹಾಕಬಹುದಿತ್ತು. ಅತ್ತೆ ಹೇಳಿದ್ದಕ್ಕೆ ಮಾಡಿದೆ ಎನ್ನಬಹುದಿತ್ತು. ಆ ಮಾತುಗಳು ಆರು ತಿಂಗಳಿಂದ ಅವಳ ಬಳಿ ತಯಾರಾಗಿಯೇ ಇದ್ದವು.

"ಶಶಿ ಮಲಗಿದ್ದು. ಆ ಉಪಾಯ ನಂದೇ. ಫೋನ್ ಹಿಡಿದಿದ್ದೂ ನಾನು. ನೀವು ಕಾಲು ಮುಚ್ಚು ಅಂದಾಗ ಮುಚ್ಚಿದ್ದೂ ನಾನೇ."

ಆನಂದ ಕಾರಿನ ಬಾನೆಟ್ಟಿನ ಮೇಲೆ ಎರಡೂ ಕೈ ಊರಿದ. ಎಂಜಿನ್ನಿನ ಬಿಸಿಗೆ ಕಾದಿದ್ದ ತಗಡು ಅದು, ಅವನಿಗೆ ಸುಟ್ಟಂತೆ ಕಾಣಲಿಲ್ಲ. "ಆ ಕಾಲು ನೋಡಿ ಅವತ್ತು ಎಷ್ಟು ಹಗುರ ಆಯ್ತು ಗೊತ್ತಾ ನಂಗೆ? ಮುದುಕ ಆರಾಮಾಗಿ ಮಲಗಿದಾರೆ ಅಂತ. ಎಷ್ಟೋ ದಿನದ ಮೇಲೆ ಕಣ್ತುಂಬ ನಿದ್ದೆ ಮಾಡ್ದೆ ಅವತ್ತು."

ಸಂಧ್ಯಾ ಅಳಲಿಲ್ಲ. ಅತ್ತರೆ ಅವನು ಸಮಾಧಾನ ಮಾಡಬೇಕಾಗುತ್ತದೆ, ಅದನ್ನು ಕೇಳುವ ಹಕ್ಕು ತನಗಿಲ್ಲ ಎನಿಸಿತ್ತು.

"ರಜೆ ಮುಗಿದ್ರೆ ಮತ್ತೆ ಗಡಿಗೆ ಹಾಕ್ತಾರೆ ನನ್ನ," ಎಂದ ಆನಂದ. "ಅಲ್ಲಿ ನಂಗೆ ಈ ಮನೆ ಅಂದ್ರೆ ನೀನು ಹೇಳೋ ಮಾತು. ಬೇರೆ ಏನೂ ಇಲ್ಲ. ಇನ್ಮೇಲೆ ನೀನು ಎಲ್ಲಾ ಚೆನ್ನಾಗಿದೀವಿ ಅಂದ್ರೆ ನಾನು ಏನಂತ ತಿಳ್ಕೊಳ್ಳಿ, ಹೇಳು."

ಇನ್ನು ಮೇಲೆ ಸುಳ್ಳು ಹೇಳುವುದಿಲ್ಲ ಎಂದರೆ ಅದನ್ನೂ ಅವನು ಹೇಗೆ ನಂಬಬೇಕು? ಅವನು ಕಾದ. ಆಮೇಲೆ ಗಡಿಯಾರ ಬಿಚ್ಚಿದ. ಫೋನು, ಪರ್ಸು, ಗುರುತಿನ ಚೀಟಿಗಳನ್ನು ಒಂದೊಂದಾಗಿ ತೆಗೆದು ಬಾನೆಟ್ಟಿನ ಮೇಲೆ ಸಾಲಾಗಿ ಇಟ್ಟ. ಯಾವಾಗಲೂ ಅವಳ ಕೈಗೆ ಕೊಡುತ್ತಿದ್ದವನು. ಟೋಪಿ ಸೀಟಿನ ಮೇಲೆಯೇ ಇತ್ತು. ಬೂಟು ಬಿಚ್ಚಿ, ಪ್ಯಾಂಟು ಶರ್ಟಿನಲ್ಲೇ ಇಳಿಜಾರು ಇಳಿದು ಹೊಳೆಯ ಕಡೆ ನಡೆದ.

ನೀರು ಮೊಳಕಾಲು ಮುಟ್ಟಿತು, ಸೊಂಟ ಮುಟ್ಟಿತು. ಬಟ್ಟೆ ಒಗೆಯುತ್ತಿದ್ದ ಇಬ್ಬರು ಹೆಂಗಸರು ಕೈ ನಿಲ್ಲಿಸಿ ನೋಡಿದರು. ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಒಬ್ಬಾಕೆ ಬಂಡೆಯ ಮೇಲೆ ಹರಡಿದ್ದ ಬಟ್ಟೆಗಳನ್ನು ಎಳೆದುಕೊಂಡು ದಾರಿ ಬಿಟ್ಟಳು. ಆನಂದ ಮುಳುಗಿದ. ಎದ್ದ. ಮತ್ತೆ ಮುಳುಗಿದ. ಮೂರನೇ ಸಲ ಮುಳುಗಿದವನು ಬಹಳ ಹೊತ್ತು ಮೇಲೆ ಬರಲಿಲ್ಲ. ಸಂಧ್ಯಾ ಕಾರಿನಿಂದ ಇಳಿದು ಇಳಿಜಾರಿನ ಅರ್ಧದವರೆಗೆ ಓಡಿದಳು. ಆಗ ತಲೆ ಮೇಲೆ ಬಂತು. ಅವನು ನೀರಿನಲ್ಲಿ ನಿಂತು ಜೋರಾಗಿ, ಬಾಯಿ ತೆರೆದು ಅಳುತ್ತಿದ್ದ. ಅವಳು ಅಲ್ಲೇ ನಿಂತಳು. ಹತ್ತಿರ ಹೋಗಲು ಧೈರ್ಯ ಬರಲಿಲ್ಲ.

ಅಲ್ಲಿಂದ ಮನೆತನಕ ಅವನು ಒಂದೂ ಮಾತಾಡಲಿಲ್ಲ. ಸೀಟು ಒದ್ದೆಯಾಯಿತು, ಕಾಲಡಿಯ ಮ್ಯಾಟಿನಲ್ಲಿ ನೀರು ನಿಂತಿತು. ಈ ಕಾರಿನೊಳಗೆ ಒಂದು ಹನಿ ಕಾಫಿ ಚೆಲ್ಲಿದರೂ ಜಟ್ಟಪ್ಪನವರು ದಿನವಿಡೀ ಮುಖ ಊದಿಸಿಕೊಳ್ಳುತ್ತಿದ್ದರು. ಟೋಪಿ ಒದ್ದೆಯಾಗದಿರಲೆಂದು ಅವನು ಅದನ್ನು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಿದ್ದ. ಗಾಡಿ ತಿರುಗಿದಾಗಲೆಲ್ಲ ಅದು ಆ ಕಡೆ ಈ ಕಡೆ ಜಾರುತ್ತಿತ್ತು. ಪ್ರತಿ ಸಲವೂ ಆನಂದ ಕೈಚಾಚಿ ಅದನ್ನು ಮತ್ತೆ ನಡುವಿಗೆ ತಂದಿಡುತ್ತಿದ್ದ.

ಮನೆಯ ಮುಂದೆ ದೊಡ್ಡ ರಂಗೋಲಿ ಇತ್ತು. ಗಾಡಿಯ ಸದ್ದಿಗೇ ದುರ್ಗಮ್ಮ ಬಾಗಿಲಿಗೆ ಬಂದರು. ಹಬ್ಬಕ್ಕೆ ಉಡುವ ಕೆಂಪಂಚಿನ ಸೀರೆ, ಹಣೆಯಲ್ಲಿ ಕಾಸಿನಗಲ ಕುಂಕುಮ, ಎರಡೂ ಕೈಯಲ್ಲಿ ಹಸಿರು ಬಳೆ. ಮುಖದ ತುಂಬ ನಗು ತುಂಬಿಕೊಂಡು, ತೋಳು ಚಾಚಿ, "ಬಂದ್ಯಾ ಮಗಾ," ಎನ್ನಲು ಹೊರಟವರು ಅರ್ಧಕ್ಕೆ ನಿಂತರು.

ಆನಂದ ಗೇಟಿನೊಳಗೆ ಬರಿಗಾಲಿನಲ್ಲಿ ನಿಂತಿದ್ದ. ಕೂದಲಿನಿಂದ, ತೋಳಿನಿಂದ, ಪ್ಯಾಂಟಿನ ತುದಿಯಿಂದ ಹನಿ ಬಿದ್ದು ರಂಗೋಲಿಯ ಒಂದು ಮೂಲೆ ಕದಡುತ್ತಿತ್ತು. ದುರ್ಗಮ್ಮನ ಕಣ್ಣು ಆ ಹನಿಗಳ ಮೇಲೆ ನಿಂತಿತು. ಆಮೇಲೆ ಸೊಸೆಯ ಕಡೆ ಹೊರಳಿತು. ಆ ನೋಟವನ್ನು ತಾಳಲಾರದೆ ಸಂಧ್ಯಾ ತಲೆ ತಗ್ಗಿಸಿದಳು. ಅವಳ ಕೈಯಲ್ಲಿ ಗಂಡನ ಬೂಟುಗಳಿದ್ದವು.

"ಯಾರು ಹೇಳಿದ್ರು ನಿಂಗೆ?" ದುರ್ಗಮ್ಮ ಕೇಳಿದರು.

"ಸಂಧ್ಯಾ ಹೇಳಿದ್ಲು," ಎಂದ ಆನಂದ. ಹೊಳೆಯಿಂದ ಎದ್ದ ಮೇಲೆ ಅವನು ಆಡಿದ ಮೊದಲ ಮಾತು. ಮತ್ತೆ ಹೇಳಿದ. "ಎಲ್ಲಾ ಹೇಳಿದ್ಲು. ಏನೂ ಬಚ್ಚಿಟ್ಟಿಲ್ಲ."

ಸಂಧ್ಯಾಳ ಕೈಯಿಂದ ಒಂದು ಬೂಟು ಜಾರಿ ಕೆಳಗೆ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲು ಬಗ್ಗಿದವಳು ಬೇಗ ಮೇಲೇಳಲಿಲ್ಲ.

ದುರ್ಗಮ್ಮ ಮೆಟ್ಟಿಲು ಇಳಿದು ಬಂದರು. ಬರುತ್ತ ಸೆರಗಿನ ತುದಿಯನ್ನು ಹಣೆಯ ಕಡೆ ಒಯ್ದರು. ಕುಂಕುಮಕ್ಕೆ ಅದು ತಾಗುವ ಮೊದಲೇ ಆನಂದ ಅವರ ಮಣಿಕಟ್ಟು ಹಿಡಿದ.

"ಅದು ಇರ್ಲಿ ಬಿಡಮ್ಮ."

"ಊರೋರು ಏನಂತಾರೆ ಮಗಾ," ಎಂದರು ದುರ್ಗಮ್ಮ, ಸಣ್ಣ ದನಿಯಲ್ಲಿ.

ಅವನು ತಾಯಿಯ ಮುಂದೆ ತಲೆ ಬಗ್ಗಿಸಿ ನಿಂತ, ಶಾಲೆಯಿಂದ ಮಳೆಯಲ್ಲಿ ನೆನೆದು ಬಂದಾಗ ನಿಲ್ಲುತ್ತಿದ್ದ ಹಾಗೆ. ದುರ್ಗಮ್ಮ ಅತ್ತರು. ಅಳುತ್ತಲೇ ಅದೇ ಸೆರಗಿನಿಂದ ಮಗನ ತಲೆ ಒರೆಸತೊಡಗಿದರು. ಅವನು ಕೈ ಹಿಂದಕ್ಕೆ ಚಾಚಿ, ತಿರುಗಿ ನೋಡದೆ, "ಸಂಧ್ಯಾ, ಒಂದು ಟವೆಲ್ ತಾ," ಎಂದ.

ಸಂಧ್ಯಾ ಬೂಟುಗಳನ್ನು ಜಗುಲಿಯ ಅಂಚಿಗೆ ಜೋಡಿಸಿಟ್ಟು, ಅವರಿಬ್ಬರನ್ನು ಬಳಸಿಕೊಂಡು ಒಳಗೆ ಹೋದಳು. ಟವೆಲ್ ಹುಡುಕುವಾಗ ಹೊರಗಿನಿಂದ ಬಳೆಗಳ ಸದ್ದು ನಿಲ್ಲದೆ ಕೇಳಿಸುತ್ತಿತ್ತು.